ಅಜ್ಜಿ ತಾನೇ ಎದ್ದು ನಿಲ್ಲಲಿ: ಅಸಿಸ್ಟೆಡ್ ಲಿವಿಂಗ್‌ನಲ್ಲಿ ಕಾಲಿನ ಬಲ ಉಳಿಸಿಕೊಳ್ಳೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇದನ್ನ ಕೇಳ್ತಾ ಇರೋರಲ್ಲಿ ಕೆಲವರು ಮೆಟ್ರೋದಲ್ಲಿ ನಿಂತಿರ್ತೀರ, ಕೆಲವರು ಪಾತ್ರೆ ತೊಳೀತಾ ಇರ್ತೀರ, ಕೆಲವರು ರಾತ್ರಿ ಊಟ ಮುಗಿಸಿ ಒಂದು ರೌಂಡ್ ಹೊರಟಿರ್ತೀರ. ಒಂದು ನಿಮಿಷ ಫೋನ್ ತೆಗೆದು ಇವತ್ತಿನ ಹೆಜ್ಜೆ ಲೆಕ್ಕ ನೋಡಿ. ನಾಲ್ಕು ಸಾವಿರ? ಎಂಟು ಸಾವಿರ? ಎಷ್ಟಾದ್ರೂ ಇರಲಿ. ಈಗ ಇನ್ನೊಂದು ಪ್ರಶ್ನೆ. ನಿಮ್ಮ ಮನೆಯ ಹಿರಿಯರೊಬ್ಬರು, ಅಜ್ಜಿನೋ, ತಾತನೋ, ದೊಡ್ಡಮ್ಮನೋ, ಅಸಿಸ್ಟೆಡ್ ಲಿವಿಂಗ್ ಅಂತೀವಲ್ಲ, ಅಂಥ ಕಡೆ ಇದ್ದಾರೆ ಅಂದುಕೊಳ್ಳಿ. ಅವರ ಜೇಬಲ್ಲಿ ಈ ಫೋನ್ ಇದ್ದಿದ್ರೆ ಸಂಜೆ ಹೊತ್ತಿಗೆ ಎಷ್ಟು ತೋರಿಸ್ತಿತ್ತು?

ಮಂಚದಿಂದ ಬಾತ್‌ರೂಮಿಗೆ, ಬಾತ್‌ರೂಮಿಂದ ಕುರ್ಚಿಗೆ, ಕುರ್ಚಿಯಿಂದ ಮತ್ತೆ ಮಂಚಕ್ಕೆ. ಎಷ್ಟೋ ಜನಕ್ಕೆ ಅಷ್ಟೇ. ಕೆಲವರಿಗೆ ಅದೂ ಇಲ್ಲ, ಯಾಕಂದ್ರೆ ಆ ನಾಲ್ಕು ಹೆಜ್ಜೆನೂ ವೀಲ್‌ಚೇರ್‌ನಲ್ಲೇ ಆಗುತ್ತೆ.

ಇವತ್ತಿನ ಮಾತು ಇದರ ಬಗ್ಗೆ. ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟೂ ಅಲ್ಲ. ಬಿಕಾಂ ಓದಿದವಳು. ಆದ್ರೆ ಇದು ನಮ್ಮ ಮನೆಯಲ್ಲೇ ನಡೆದ ವಿಷಯ, ಅದಕ್ಕೋಸ್ಕರ ಓದಿದೀನಿ, ಕೇಳಿದೀನಿ, ಬಿಲ್‌ಗಳನ್ನೂ ನೋಡಿದೀನಿ. ಅದನ್ನೆಲ್ಲ ನಿಮ್ಮ ಮುಂದೆ ಇಡ್ತೀನಿ.

ಮೊದಲು, ಅಸಿಸ್ಟೆಡ್ ಲಿವಿಂಗ್ ಅಂದ್ರೇನು? ವೃದ್ಧಾಶ್ರಮ ಅನ್ನೋ ಪದ ನಮಗೆಲ್ಲ ಗೊತ್ತು. ಇದು ಸ್ವಲ್ಪ ಬೇರೆ. ಇದು ಆಸ್ಪತ್ರೆ ಅಲ್ಲ, ಮನೆಯೂ ಅಲ್ಲ. ನಮ್ಮದೇ ರೂಮು ಇರುತ್ತೆ, ಊಟ ತಿಂಡಿ ಅವರದ್ದು. ಸ್ನಾನ, ಬಟ್ಟೆ, ಮಾತ್ರೆ, ಓಡಾಟ, ಇವಕ್ಕೆ ಬೇಕಾದಷ್ಟು ಸಹಾಯ ಸಿಗುತ್ತೆ. 'ಬೇಕಾದಷ್ಟು' ಅನ್ನೋ ಪದವನ್ನ ನೆನಪಿಟ್ಕೊಳ್ಳಿ, ಇವತ್ತಿನ ಪೂರ್ತಿ ಸಂಚಿಕೆ ಆ ಒಂದು ಪದದ ಮೇಲೆ ನಿಂತಿದೆ. ಬೆಂಗಳೂರು, ಮೈಸೂರು, ಕೊಯಮತ್ತೂರು, ಪುಣೆ ಕಡೆ ಇಂಥ ಜಾಗಗಳು ಈಗ ಜಾಸ್ತಿ ಆಗಿವೆ. ಮಕ್ಕಳು ವಿದೇಶದಲ್ಲಿರ್ತಾರೆ, ಇಲ್ಲೇ ಇದ್ರೂ ಗಂಡ ಹೆಂಡತಿ ಇಬ್ರೂ ಕೆಲಸಕ್ಕೆ ಹೋಗ್ತಾರೆ. 2019ರಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ರಿಟೈರ್‌ಮೆಂಟ್ ಹೋಮ್‌ಗಳಿಗೆ ಅಂತಲೇ ಮಾದರಿ ಮಾರ್ಗಸೂಚಿ ತಂದಿದೆ. ಅಂದ್ರೆ ಇದು ಇನ್ನು ಯಾರೋ ಕೆಲವು ಶ್ರೀಮಂತರ ವಿಷಯ ಅಲ್ಲ.

ಈಗ ಒಂದು ಲೆಕ್ಕ ಹಾಕೋಣ. ಹಳೇ ಮನೆಯಲ್ಲಿ ಅಜ್ಜಿ 'ಎಕ್ಸರ್‌ಸೈಜ್' ಅಂತ ಏನೂ ಮಾಡ್ತಿರಲಿಲ್ಲ, ಅಲ್ವಾ? ಆದ್ರೆ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕ್ತಿದ್ರು. ಬಗ್ಗಿ ರಂಗೋಲಿ ಬಿಡ್ತಿದ್ರು. ಹೂವು ಕೀಳೋಕೆ ಕೈ ಎತ್ತುತಿದ್ರು. ನೆಲದ ಮೇಲೆ ಕೂತು ಸೊಪ್ಪು ಬಿಡಿಸ್ತಿದ್ರು, ಮಂಡಿ ಮೇಲೆ ಕೈ ಊರಿ ಏಳ್ತಿದ್ರು. ದೇವರ ಮನೆ, ಅಡುಗೆ ಮನೆ, ಹಿತ್ತಿಲು. ಹಾಲಿನವನು ಬಂದ್ರೆ ಬಾಗಿಲಿಗೆ, ಕುಕ್ಕರ್ ಕೂಗಿದ್ರೆ ಒಳಗೆ. ದಿನಕ್ಕೆ ನಲವತ್ತು ಐವತ್ತು ಸಲ ಕೂತು ಎದ್ದು ಮಾಡ್ತಿದ್ರು, ಯಾರೂ ಎಣಿಸ್ತಿರಲಿಲ್ಲ ಅಷ್ಟೇ.

ಅಸಿಸ್ಟೆಡ್ ಲಿವಿಂಗ್‌ಗೆ ಬಂದ ದಿನ ಇದೆಲ್ಲ ಒಂದೇ ಸಲ ನಿಂತುಹೋಗುತ್ತೆ. ಕಾಫಿ ಮಂಚದ ಹತ್ರ ಬರುತ್ತೆ. ಬಟ್ಟೆ ಯಾರೋ ಮಡಚಿಡ್ತಾರೆ. ಊಟದ ಹಾಲ್‌ಗೆ ವೀಲ್‌ಚೇರ್‌ನಲ್ಲಿ ಕರ್ಕೊಂಡು ಹೋಗ್ತಾರೆ. ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇಲ್ಲ, ಅದನ್ನ ಸ್ಪಷ್ಟವಾಗಿ ಹೇಳ್ತೀನಿ. ಒಂದು ಫ್ಲೋರಿನಲ್ಲಿ ಇಪ್ಪತ್ತು ಜನ ಹಿರಿಯರು, ಇಬ್ಬರೋ ಮೂವರೋ ಕೇರ್‌ಟೇಕರ್‌ಗಳು, ಹನ್ನೆರಡೂವರೆಗೆ ಊಟ ಶುರು ಆಗಬೇಕು. ಅಜ್ಜಿ ವಾಕರ್ ಹಿಡಿದು ನಡೆದು ಬಂದ್ರೆ ಹತ್ತು ನಿಮಿಷ. ವೀಲ್‌ಚೇರ್‌ನಲ್ಲಿ ತಳ್ಳಿದ್ರೆ ಒಂದೂವರೆ ನಿಮಿಷ. ಆ ಹುಡುಗಿ ಜಾಗದಲ್ಲಿ ನಾನಿದ್ರೂ ವೀಲ್‌ಚೇರ್‌ಗೇ ಕೈ ಹಾಕ್ತಿದ್ದೆ.

ಮನೆಯವರು ಇದನ್ನ ನೋಡಿ ಏನಂತೀವಿ? 'ಪಾಪ, ಎಷ್ಟು ಚೆನ್ನಾಗಿ ನೋಡ್ಕೋತಾರೆ, ಒಂದು ಲೋಟ ಎತ್ತಿಡೋಕೂ ಬಿಡಲ್ಲ.' ತೊಂದರೆ ಇರೋದೇ ಇಲ್ಲಿ.

ದೇಹದೊಳಗೆ ಏನಾಗುತ್ತೆ ಅಂತ ನೋಡೋಣ. ವಯಸ್ಸಾಗ್ತಾ ಮಾಂಸಖಂಡ ಕರಗೋದಕ್ಕೆ ಸಾರ್ಕೋಪೀನಿಯಾ ಅಂತ ಹೆಸರು. ಆ ಹೆಸರು ಬಂದಿದ್ದೇ 1980ರ ದಶಕದ ಕೊನೆಯಲ್ಲಿ. ಅದಕ್ಕೆ ಮುಂಚೆ 'ವಯಸ್ಸಾಯ್ತು' ಅಂತ ಒಂದೇ ಮಾತಲ್ಲಿ ಮುಗಿಸ್ತಿದ್ರು. ಎಲ್ಲಕ್ಕಿಂತ ಬೇಗ ಏಟು ತಿನ್ನೋದು ಕಾಲು, ಅದರಲ್ಲೂ ತೊಡೆ. ಕುರ್ಚಿಯಿಂದ ಏಳೋದು, ಕಮೋಡ್‌ನಿಂದ ಏಳೋದು, ಮೆಟ್ಟಿಲು ಹತ್ತೋದು ಎಲ್ಲ ತೊಡೆ ಮತ್ತು ಸೊಂಟದ ಸ್ನಾಯುಗಳ ಕೆಲಸ.

2007ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಆರೋಗ್ಯವಾಗಿದ್ದ ಹಿರಿಯರನ್ನ, ಸರಾಸರಿ ವಯಸ್ಸು 67, ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ್ರು. ಕಾಯಿಲೆ ಇಲ್ಲ, ಜ್ವರ ಇಲ್ಲ, ಸುಮ್ನೆ ಮಲಗಿದ್ದು. ಹತ್ತು ದಿನದಲ್ಲಿ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕೆಜಿ ಮಾಂಸಖಂಡ ಹೋಗಿತ್ತು. ನಮ್ಮ ಮನೆ ಹಿರಿಯರು ಡೆಂಗಿನೋ ನ್ಯುಮೋನಿಯಾನೋ ಆಗಿ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದ ಮೇಲೆ 'ಯಾಕೋ ಕಾಲಲ್ಲಿ ಶಕ್ತಿನೇ ಇಲ್ಲ' ಅಂತಾರಲ್ಲ, ಅದು ನೆಪ ಅಲ್ಲ.

ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ನಾವೆಲ್ಲ ವಯಸ್ಸನ್ನ ಸವಕಳಿ ಥರ ನೋಡ್ತೀವಿ. ಯಂತ್ರ ತಗೊಂಡ್ರೆ ಪ್ರತಿ ವರ್ಷ ಅದರ ಬೆಲೆ ಇಷ್ಟಿಷ್ಟು ಇಳಿಯುತ್ತೆ, ನಾವು ಏನು ಮಾಡಿದ್ರೂ ಇಳಿಯುತ್ತೆ. ಆದ್ರೆ ಮಾಂಸಖಂಡ ಯಂತ್ರ ಅಲ್ಲ. ಯಂತ್ರ ಬಳಸಿದಷ್ಟೂ ಸವೆಯುತ್ತೆ. ಇದು ಬಳಸದೇ ಇದ್ರೆ ಸವೆಯುತ್ತೆ. ಬಳಸಿದ್ರೆ, 90ರಲ್ಲೂ ಬೆಳೆಯುತ್ತೆ.

90 ಅಂತ ಸುಮ್ನೆ ಹೇಳಲಿಲ್ಲ. 1990ರಲ್ಲಿ ಬೋಸ್ಟನ್‌ನ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಅನ್ನೋ ವೈದ್ಯೆ ಮತ್ತು ಅವರ ತಂಡ ಹತ್ತು ಜನ ಹಿರಿಯರನ್ನ ತಗೊಂಡ್ರು. ಸರಾಸರಿ ವಯಸ್ಸು 90. ಎಲ್ರೂ ತುಂಬಾ ದುರ್ಬಲರು, ಆ ಕೇಂದ್ರದಲ್ಲೇ ವಾಸ. ಇವರಿಗೆ ಎಂಟು ವಾರ ಕಾಲಿಗೆ ತೂಕದ ವ್ಯಾಯಾಮ ಮಾಡಿಸಿದ್ರು. ಮೆಲ್ಲಗೆ ಕೈಕಾಲು ಆಡಿಸೋದಲ್ಲ, ನಿಜವಾದ ಭಾರ, ವಾರಕ್ಕೆ ಮೂರು ದಿನ, ಮೇಲ್ವಿಚಾರಣೆಯಲ್ಲಿ. ಒಬ್ಬರು ಮಧ್ಯದಲ್ಲಿ ಬಿಟ್ಟರು, ಒಂಬತ್ತು ಜನ ಮುಗಿಸಿದ್ರು. ಅವರ ಕಾಲಿನ ಬಲ ಸರಾಸರಿ 174% ಹೆಚ್ಚಾಗಿತ್ತು. ಇಬ್ಬರು ಕೋಲು ಬಿಟ್ಟು ನಡೆದ್ರು.

ಅದೇ ಪ್ರಯೋಗದ ಇನ್ನೊಂದು ಭಾಗವನ್ನ ಯಾರೂ ರೀಲ್ ಮಾಡಲ್ಲ. ವ್ಯಾಯಾಮ ನಿಲ್ಲಿಸಿ ನಾಲ್ಕು ವಾರ ಆದ ಮೇಲೆ ಮತ್ತೆ ಅಳೆದ್ರು. ಬಲದಲ್ಲಿ 32% ಇಳಿದಿತ್ತು. ಅಂದ್ರೆ ಬರೋದು ಎಂಟು ವಾರ, ಇಷ್ಟು ಇಳಿಯೋಕೆ ನಾಲ್ಕೇ ವಾರ ಸಾಕು. ನಿಲ್ಲಿಸೋ ಹಾಗಿಲ್ಲ.

ಅದೇ ತಂಡ 1994ರಲ್ಲಿ ದೊಡ್ಡದಾಗಿ, 100 ಜನರ ಮೇಲೆ, ಹತ್ತು ವಾರ ಇದನ್ನೇ ಮಾಡಿತು. ಇಲ್ಲಿ ನಾಲ್ಕು ಗುಂಪು. ಒಂದಕ್ಕೆ ವ್ಯಾಯಾಮ, ಒಂದಕ್ಕೆ ಪೌಷ್ಟಿಕ ಪೇಯ, ಒಂದಕ್ಕೆ ಎರಡೂ, ಒಂದಕ್ಕೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಬಲ ಎರಡು ಪಟ್ಟಿಗಿಂತ ಹೆಚ್ಚಾಯ್ತು, ನಡಿಗೆ ಚುರುಕಾಯ್ತು, ಮೆಟ್ಟಿಲು ಹತ್ತೋ ಶಕ್ತಿ ಬಂತು. ಬರೀ ಪೇಯ ಕುಡಿದವರಲ್ಲಿ? ದೌರ್ಬಲ್ಯ ಕಡಿಮೆ ಆಗಲಿಲ್ಲ. ಭಾನುವಾರ ಅಜ್ಜಿನ ನೋಡೋಕೆ ಹೋಗುವಾಗ ದಾರಿಯಲ್ಲಿ ಮೆಡಿಕಲ್ ಶಾಪ್‌ನಲ್ಲಿ ಒಂದು ಪ್ರೋಟೀನ್ ಪೌಡರ್ ಡಬ್ಬಿ ತಗೊಂಡು ಹೋಗೋರು ಇದನ್ನ ಇನ್ನೊಂದು ಸಲ ಕೇಳಿ. ಪ್ರೋಟೀನ್ ಬೇಕು, ನಮ್ಮ ಹಿರಿಯರ ತಟ್ಟೆಯಲ್ಲಿ ಅನ್ನವೇ ಜಾಸ್ತಿ, ಬೇಳೆ ಮೊಸರು ಮೊಟ್ಟೆ ಕಡಿಮೆ, ಅದು ನಿಜ. ಆದ್ರೆ ಕಾಲಿಗೆ ಕೆಲಸ ಕೊಡದೆ ಡಬ್ಬಿ ಮಾತ್ರ ಕೊಟ್ರೆ, ಮೇಸ್ತ್ರಿ ಇಲ್ಲದ ಸೈಟಿಗೆ ಇಟ್ಟಿಗೆ ಲೋಡು ಇಳಿಸಿದ ಹಾಗೆ. ಕಿಡ್ನಿ ತೊಂದರೆ ಇದ್ದೋರಿಗಂತೂ ಡಾಕ್ಟರನ್ನ ಕೇಳದೆ ಪೌಡರ್ ಕೊಡಲೇಬೇಡಿ.

ಹಾಗಾದ್ರೆ ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ಮೂರು ವಿಷಯ ಹೇಳುತ್ತೆ. ಒಂದು, ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಮಟ್ಟದ ಚಟುವಟಿಕೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು. ಎರಡು, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡೋ ವ್ಯಾಯಾಮ. ಮೂರು, ವಾರಕ್ಕೆ ಮೂರು ದಿನವಾದ್ರೂ ಸಮತೋಲನ ಮತ್ತು ಬಲ ಎರಡೂ ಸೇರಿದ ಅಭ್ಯಾಸ, ಬೀಳದೇ ಇರೋಕೆ. ಇಷ್ಟು ಆಗದೇ ಇರೋರು? ತಮ್ಮ ಕೈಲಾದಷ್ಟು. ಸ್ವಲ್ಪ ಮಾಡಿದ್ರೂ ಏನೂ ಮಾಡದೇ ಇರೋದಕ್ಕಿಂತ ಮೇಲು ಅಂತ ಅದೇ ಮಾರ್ಗಸೂಚಿ ಹೇಳುತ್ತೆ.

ನಮ್ಮಲ್ಲಿ ಹಿರಿಯರ ವ್ಯಾಯಾಮ ಅಂದ್ರೆ ಒಂದೇ, ವಾಕಿಂಗ್. ವಾಕಿಂಗ್ ಒಳ್ಳೇದೇ. ಆದ್ರೆ ಈ ಮೂರರಲ್ಲಿ ಅದು ಮೊದಲನೇದು ಮಾತ್ರ. ಕುರ್ಚಿಯಿಂದ ಏಳೋಕೆ ಬೇಕಾದ ಬಲ ವಾಕಿಂಗ್‌ನಿಂದ ಪೂರ್ತಿ ಬರಲ್ಲ.

ಇನ್ನೊಂದು ಕಡೆ ಇನ್‌ಸ್ಟಾಗ್ರಾಂ ಇದೆ. ಫೌಜಾ ಸಿಂಗ್ ಹೆಸರು ಕೇಳಿರ್ತೀರ, ನೂರರ ವಯಸ್ಸಿನಲ್ಲಿ, 2011ರಲ್ಲಿ, ಟೊರೊಂಟೊದಲ್ಲಿ ಮ್ಯಾರಥಾನ್ ಮುಗಿಸಿದವರು. ದೊಡ್ಡ ಮನುಷ್ಯ, ಕೈ ಮುಗೀತೀನಿ. ಆದ್ರೆ ಆ ವಿಡಿಯೋ ನೋಡಿ ನಮ್ಮ ತಾತಂಗೆ ಫಾರ್ವರ್ಡ್ ಮಾಡೋದ್ರಿಂದ ತಾತ ಏಳಲ್ಲ. 'ಅವರೆಲ್ಲ ಬೇರೆ ಕಣಪ್ಪ' ಅಂತ ಇನ್ನೂ ಹಿಂದಕ್ಕೆ ಒರಗ್ತಾರೆ. ತಾತಂಗೆ ಬೇಕಾಗಿರೋದು 42 ಕಿಲೋಮೀಟರ್ ಅಲ್ಲ. ರಾತ್ರಿ ಎರಡು ಗಂಟೆಗೆ ಯಾರನ್ನೂ ಕರೀದೆ, ಬೆಲ್ ಒತ್ತಿ ಕಾಯದೆ, ಬಾತ್‌ರೂಮಿಗೆ ಹೋಗಿ ಬರೋದು. ಆ ಹತ್ತು ಹೆಜ್ಜೆಯಲ್ಲಿ ಅವರ ಇಡೀ ಮರ್ಯಾದೆ ಇದೆ.

ಈಗ ನಮ್ಮಜ್ಜಿ ವಿಷಯಕ್ಕೆ ಬರ್ತೀನಿ. ಅಮ್ಮನ ಅಮ್ಮ, 82 ವರ್ಷ. ತಿಪಟೂರು ಕಡೆಯವರು, ತೆಂಗಿನ ತೋಟ, ಕೊಬ್ಬರಿ, ಎಮ್ಮೆ ಎಲ್ಲ ನೋಡಿಕೊಂಡಿದ್ದ ಜೀವ. ತಾತ ಹೋದ ಮೇಲೆ, ಅವರೇ ಒಪ್ಪಿ, ಬೆಂಗಳೂರಿನ ಒಂದು ಅಸಿಸ್ಟೆಡ್ ಲಿವಿಂಗ್‌ಗೆ ಬಂದ್ರು. ಹೆಸರು ಹೇಳಲ್ಲ, ಯಾಕಂದ್ರೆ ಇದು ಆ ಒಂದು ಜಾಗದ ಕಥೆ ಅಲ್ಲ. ಬರುವಾಗ ಕೈಯಲ್ಲಿ ಒಂದು ಕೋಲು, ಅಷ್ಟೇ. ಐದು ತಿಂಗಳಾಗುವಷ್ಟರಲ್ಲಿ ಮಂಚದಿಂದ ಎಬ್ಬಿಸೋಕೆ ಇಬ್ಬರು ಬೇಕಾಯ್ತು. ಸ್ಟ್ರೋಕ್ ಆಗಿರಲಿಲ್ಲ. ಮೂಳೆ ಮುರಿದಿರಲಿಲ್ಲ. ರಕ್ತ ಪರೀಕ್ಷೆಯಲ್ಲೂ ಅಂಥದ್ದೇನೂ ಇಲ್ಲ. ಹೊರಗಿಂದ ಕರೆಸಿದ ಫಿಸಿಯೋ ತೊಡೆ ಮುಟ್ಟಿ ನೋಡಿ, 'ಇವರನ್ನ ಎಷ್ಟು ತಿಂಗಳಿಂದ ಕೂರಿಸಿದೀರ?' ಅಂತ ಕೇಳಿದ್ರು.

ಕೂರಿಸಿದ್ದಕ್ಕೆ ಕಾರಣ ಇತ್ತು. ಬಂದ ಹೊಸದರಲ್ಲಿ ಅಜ್ಜಿ ಒಂದು ಸಲ ಕಾರಿಡಾರ್‌ನಲ್ಲಿ ಮುಗ್ಗರಿಸಿದ್ರು. ಬೀಳಲಿಲ್ಲ, ಗೋಡೆ ಹಿಡ್ಕೊಂಡ್ರು. ಅವತ್ತೇ ಅವರ ಫೈಲಿನ ಮೇಲೆ 'ಬೀಳುವ ಅಪಾಯ' ಅಂತ ಕೆಂಪು ಸ್ಟಿಕ್ಕರ್ ಬಂತು. ಅಲ್ಲಿಂದ ಒಬ್ಬರೇ ಏಳೋ ಹಾಗಿಲ್ಲ. ಎದ್ದರೆ 'ಅಜ್ಜಿ ಕೂತ್ಕೊಳಿ, ಕೂತ್ಕೊಳಿ' ಅಂತ ಎರಡೂ ಕಡೆಯಿಂದ ಕೂಗು. ಮ್ಯಾನೇಜ್‌ಮೆಂಟ್‌ಗೆ ಭಯ, ಬಿದ್ರೆ ಮಕ್ಕಳು ಗಲಾಟೆ ಮಾಡ್ತಾರೆ ಅಂತ. ನ್ಯೂಜೆರ್ಸಿಯಲ್ಲಿರೋ ನಮ್ಮ ಮಾವಂಗೆ ಭಯ, ಬಿದ್ರೆ ನಾನು ಅಲ್ಲಿಂದ ಬರೋದು ಹೇಗೆ ಅಂತ. ಈ ಭಯ ಸುಳ್ಳಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚು ಜೀವ ಹೋಗೋದು 60 ದಾಟಿದವರದ್ದು. ವಯಸ್ಸಾದವರಿಗೆ ಸೊಂಟದ ಮೂಳೆ ಮುರಿದ್ರೆ ಏನಾಗುತ್ತೆ ಅಂತ ನಮ್ಮಲ್ಲಿ ಎಷ್ಟೋ ಮನೆಗಳು ಕಂಡಿವೆ.

ಆದ್ರೆ ಈ ಸುತ್ತನ್ನ ನೋಡಿ. ಬೀಳ್ತಾರೆ ಅಂತ ಕೂರಿಸ್ತೀವಿ. ಕೂತಷ್ಟು ಕಾಲು ಸೋಲುತ್ತೆ. ಕಾಲು ಸೋತಷ್ಟು ಬೀಳೋ ಸಾಧ್ಯತೆ ಹೆಚ್ಚುತ್ತೆ. ಹೆಚ್ಚಿತು ಅಂತ ಇನ್ನೂ ಕೂರಿಸ್ತೀವಿ. ಕೊನೆಗೆ ಬೀಳೋದು ಪೂರ್ತಿ ನಿಲ್ಲುತ್ತೆ, ಯಾಕಂದ್ರೆ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿರ್ತಾರೆ.

ವ್ಯಾಯಾಮದಿಂದ ಬೀಳೋದು ಕಡಿಮೆ ಆಗುತ್ತಾ? ತಮ್ಮ ತಮ್ಮ ಮನೆಗಳಲ್ಲೇ ಇರೋ ಹಿರಿಯರ ಬಗ್ಗೆ 108 ಅಧ್ಯಯನಗಳನ್ನ ಒಟ್ಟಿಗೆ ನೋಡಿದ 2019ರ ಕಾಕ್ರೇನ್ ವಿಮರ್ಶೆ, ಬೀಳೋ ಪ್ರಮಾಣ 23% ಕಡಿಮೆ ಆಗುತ್ತೆ ಅಂತ ಹೇಳಿತು. ಆರೈಕೆ ಕೇಂದ್ರಗಳಲ್ಲಿ ಇರೋರ ವಿಷಯದಲ್ಲಿ ಚಿತ್ರ ಇಷ್ಟು ನೇರವಾಗಿಲ್ಲ, ಅಲ್ಲಿರೋರು ಹೆಚ್ಚು ದುರ್ಬಲರು, ಕಾಯಿಲೆ, ಮಾತ್ರೆ ಎಲ್ಲ ಜಾಸ್ತಿ. ಹಾಗಾಗಿ 'ವ್ಯಾಯಾಮ ಮಾಡಿಸಿ, ಬೀಳೋದೇ ಇಲ್ಲ' ಅಂತ ನಾನು ಹೇಳಲ್ಲ. ಎದ್ದು ಓಡಾಡೋ ಮನುಷ್ಯ ಬೀಳಬಹುದು. ಪ್ರಶ್ನೆ ಇರೋದು, ಆ ಅಪಾಯವನ್ನ ಯಾರು ತೂಗಬೇಕು ಅನ್ನೋದ್ರಲ್ಲಿ.

ನಮ್ಮ ಮನೆಯಲ್ಲಿ ಒಂದು ವಿಡಿಯೋ ಕಾಲ್ ಆಯ್ತು. ಅಮ್ಮ, ಮಾವ, ಅಲ್ಲಿನ ಮ್ಯಾನೇಜರ್, ಫಿಸಿಯೋ, ನಾನು. ಮಾವ ಕೇಳಿದ್ದು ಒಂದೇ ಮಾತು, 'ಬಿದ್ರೆ ಯಾರು ಹೊಣೆ?' ಎಲ್ರೂ ಸುಮ್ಮನಾದ್ರು. ಇಷ್ಟು ಹೊತ್ತು ಮಂಚದ ಮೇಲೆ ಕೂತು ಕೇಳಿಸ್ಕೋತಾ ಇದ್ದ ಅಜ್ಜಿ ಹೇಳಿದ್ರು, 'ಬೀಳ್ತೀನಿ ಅಂತ ಕೂರ್ಸಿದ್ರೆ, ಕೂತಲ್ಲೇ ಬಿದ್ದಂಗೆ ಅಲ್ವೇನೋ? ಕಾಲು ನಂದು. ನನ್ನೂ ಒಂದ್ ಮಾತು ಕೇಳ್ರಪ್ಪ.'

ಅಲ್ಲಿಯವರೆಗೆ ಯಾರೂ ಅವರನ್ನ ಕೇಳಿರಲಿಲ್ಲ.

ಅವತ್ತು ಮೂರು ವಿಷಯ ಬರವಣಿಗೆಯಲ್ಲಿ ಒಪ್ಪಿಕೊಂಡ್ವಿ. ಮಧ್ಯಾಹ್ನದ ಊಟಕ್ಕೆ ವಾಕರ್ ಹಿಡಿದು ನಡೆದೇ ಹೋಗೋದು, ಜೊತೆಗೆ ಒಬ್ಬರು ಇರ್ತಾರೆ, ಅದಕ್ಕೆ ಹದಿನೈದು ನಿಮಿಷ ಮುಂಚೆ ಹೊರಡೋದು. ವಾರಕ್ಕೆ ಮೂರು ದಿನ ಫಿಸಿಯೋ ಹೇಳಿದ ಕಾಲಿನ ವ್ಯಾಯಾಮ. ಮತ್ತೆ, ಇಷ್ಟು ಎಚ್ಚರಿಕೆ ತಗೊಂಡ ಮೇಲೂ ಬಿದ್ರೆ ಅದು ಯಾರ ಅಪರಾಧವೂ ಅಲ್ಲ ಅಂತ ಅಜ್ಜಿ ಮತ್ತು ಮನೆಯವರ ಸಹಿ. ಮಾವನೂ ಸಹಿ ಹಾಕಿದ್ರು, ಮನಸ್ಸಿಲ್ಲದೆ.

ಮೊದಲ ವಾರ ಎರಡು ಕೈಯೂ ಊರಿ ಮೂರು ಸಲ ಏಳೋಕೂ ಏದುಸಿರು. ಎರಡು ತಿಂಗಳಾದ ಮೇಲೆ ಕೈ ಊರದೆ ನಾಲ್ಕು ಸಲ. ಸಿನಿಮಾ ಥರ ಏನೂ ಆಗಲಿಲ್ಲ. ಕೋಲಿಗೆ ವಾಪಸ್ ಬರಲಿಲ್ಲ, ವಾಕರ್‌ನಲ್ಲೇ ಇದ್ದಾರೆ. ಆದ್ರೆ ಬಾತ್‌ರೂಮಿಗೆ ತಾವೇ ಹೋಗ್ತಾರೆ.

ನಾಲ್ಕನೇ ತಿಂಗಳಲ್ಲಿ ಬಿದ್ರು ಕೂಡ. ಬಾತ್‌ರೂಮಿನ ಹೊಸಿಲ ಹತ್ರ, ಸಂಜೆ ಹೊತ್ತು. ಮಣಿಕಟ್ಟು ಊದಿಕೊಳ್ತು, ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು. ಮಾವನ ಫೋನ್ ಬಂತು, ಬರಲೇಬೇಕಿತ್ತು. ಮತ್ತೆ ಕೂರಿಸೋ ಮಾತು ಬಂತು. ಈ ಸಲ ಮೊದಲು ಅಜ್ಜಿನ ಕೇಳಿದ್ವಿ. 'ಹೊಸಿಲು ಕಾಣ್ಲಿಲ್ಲ, ಅದ್ಕೆ ಬಿದ್ದೆ. ಲೈಟ್ ಹಾಕ್ಸಿ' ಅಂದ್ರು. ಲೈಟ್ ಹಾಕಿಸಿದ್ವಿ, ಹೊಸಿಲಿಗೆ ಹಳದಿ ಪಟ್ಟಿ ಅಂಟಿಸಿದ್ವಿ, ಸವೆದಿದ್ದ ಹವಾಯಿ ಚಪ್ಪಲಿ ಎಸೆದು ಹಿಂದೆ ಪಟ್ಟಿ ಇರೋ ಚಪ್ಪಲಿ ತಂದ್ವಿ. ವ್ಯಾಯಾಮ ನಿಲ್ಲಿಸಲಿಲ್ಲ. ಮುಂದೆ ಇನ್ನೊಂದು ಸಲ ಬೀಳಬಹುದು, ಆಗ ಇಷ್ಟು ಸುಲಭವಾಗಿ ಮುಗಿಯದೇ ಇರಬಹುದು. ಅದು ನಮಗೆಲ್ಲ ಗೊತ್ತು. ಅಜ್ಜಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಸರಿ, ನಿಮಗೆ ಉಪಯೋಗ ಆಗೋ ವಿಷಯಕ್ಕೆ ಬರೋಣ. ಕುರ್ಚಿ, ಗೋಡೆ, ಫೋನ್, ಇಷ್ಟಿದ್ರೆ ಶುರು ಮಾಡಬಹುದು. ಮೊದಲು ಅವರ ಡಾಕ್ಟರ್ ಹತ್ರ ಒಂದು ಮಾತು ಕೇಳಿ, ಅದರಲ್ಲೂ ಹೃದಯದ ತೊಂದರೆ, ಇತ್ತೀಚೆಗೆ ಆಪರೇಷನ್, ಮೂಳೆ ಸವೆತ, ಪಾರ್ಕಿನ್ಸನ್ ಇದ್ದೋರಿಗೆ.

ಮೊದಲನೇದು, ಕುರ್ಚಿಯಿಂದ ಏಳೋದು. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿ, ಪ್ಲಾಸ್ಟಿಕ್ ಬೇಡ, ಗಾಲಿ ಇರೋದು ಬೇಡ. ಪಾದ ನೆಲಕ್ಕೆ ಪೂರ್ತಿ ಊರಿ, ಸ್ವಲ್ಪ ಮುಂದೆ ಬಾಗಿ, ಎದ್ದು ನಿಂತು, ನಿಧಾನವಾಗಿ ಕೂರೋದು. ದಪ್ಪಂತ ಕೂರಬಾರದು, ಆ ಇಳಿಯೋ ಭಾಗದಲ್ಲೇ ಅರ್ಧ ಲಾಭ ಇದೆ. ಆಗದೇ ಇದ್ರೆ ಕೈ ಊರಲಿ, ಇಲ್ಲಾ ಗಟ್ಟಿ ದಿಂಬು ಹಾಕಿ ಕುರ್ಚಿ ಎತ್ತರ ಮಾಡಿ. ಬಲ ಬಂದ ಹಾಗೆ ದಿಂಬು ತೆಗೀರಿ.

ಎರಡನೇದು, ಗಟ್ಟಿಯಾದ ಆಸರೆ ಹಿಡಿದು ಹಿಮ್ಮಡಿ ಎತ್ತೋದು. ಮೀನಖಂಡಕ್ಕೆ ಬಲ. ಮೂರನೇದು, ಗೋಡೆಗೆ ಎರಡು ಕೈ ಊರಿ ನಿಂತುಕೊಂಡೇ ತಳ್ಳೋದು. ನಾಲ್ಕನೇದು, ಆಸರೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದು ಪಾದ, ಹಗ್ಗದ ಮೇಲೆ ನಿಂತ ಹಾಗೆ, ಹತ್ತು ಸೆಕೆಂಡ್ ನಿಲ್ಲೋದು. ಇದು ಸಮತೋಲನಕ್ಕೆ, ಪಕ್ಕದಲ್ಲಿ ಯಾರಾದ್ರೂ ಇರಲೇಬೇಕು. ನಿಲ್ಲೋಕೆ ಆಗಲ್ವಾ? ಕೂತಲ್ಲೇ ಒಂದೊಂದೇ ಕಾಲು ಮುಂದಕ್ಕೆ ಚಾಚಿ ಐದು ಎಣಿಸಿ ಇಳಿಸಲಿ. ಅದೂ ತೊಡೆಗೇ.

ಎದ್ದ ತಕ್ಷಣ ತಲೆ ತಿರುಗಿದ್ರೆ ಅದನ್ನ ಹಗುರ ಮಾಡಬೇಡಿ, ಬಿಪಿ ಮಾತ್ರೆಯಿಂದಲೂ ಹಾಗಾಗಬಹುದು, ಡಾಕ್ಟರಿಗೆ ಹೇಳಿ. ಮಲಗಿದ್ದವರು ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು ಆಮೇಲೆ ಏಳಲಿ. ಎದೆ ನೋವು, ವಿಪರೀತ ಉಬ್ಬಸ ಬಂದ್ರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರನ್ನ ಕರೀರಿ. ಮಾರನೇ ದಿನ ತೊಡೆ ಸ್ವಲ್ಪ ನೋಯೋದು ಸಹಜ. ಕೀಲು ಊದಿಕೊಂಡ್ರೆ ಸಹಜ ಅಲ್ಲ.

ವ್ಯಾಯಾಮ ಅಂದ್ರೆ ಮುಖ ಸಿಂಡರಿಸೋರಿಗೆ ಕೆಲಸ ಕೊಡಿ. ತಮ್ಮ ಬಟ್ಟೆ ತಾವೇ ಮಡಚಲಿ. ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ ಇಟ್ಟು ನೀರು ಹಾಕೋ ಜವಾಬ್ದಾರಿ ಅವರಿಗೇ ಇರಲಿ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅನ್ನೋ ಮನೋವಿಜ್ಞಾನಿಗಳು ಅಮೆರಿಕದ ಒಂದು ನರ್ಸಿಂಗ್ ಹೋಮ್‌ನಲ್ಲಿ ನಡೆಸಿದ ಅಧ್ಯಯನ ಪ್ರಕಟ ಆಯ್ತು. ಒಂದು ಫ್ಲೋರಿನವರಿಗೆ ತಮ್ಮ ದಿನವನ್ನ ತಾವೇ ತೀರ್ಮಾನ ಮಾಡೋ ಅವಕಾಶ, ನೋಡಿಕೊಳ್ಳೋಕೆ ಒಂದು ಗಿಡ. ಇನ್ನೊಂದು ಫ್ಲೋರಿನವರಿಗೂ ಗಿಡ ಕೊಟ್ರು, ಆದ್ರೆ ನೀರು ಹಾಕ್ತಿದ್ದದ್ದು ನರ್ಸ್. ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಓಡಾಟದಲ್ಲಿ ಕಂಡ್ರು. ಎರಡೂ ಕಡೆ ಗಿಡ ಇತ್ತು, ಜವಾಬ್ದಾರಿ ಒಂದೇ ಕಡೆ.

ಇನ್ನು ದುಡ್ಡಿನ ವಿಷಯ. ಎಷ್ಟೋ ಜಾಗಗಳಲ್ಲಿ ಶುಲ್ಕ ಆರೈಕೆಯ ಮಟ್ಟದ ಮೇಲೆ ಇರುತ್ತೆ. ಹೆಚ್ಚು ಸಹಾಯ ಬೇಕಾದ್ರೆ ಹೆಚ್ಚು ಶುಲ್ಕ. ಅದು ನ್ಯಾಯವೇ, ಕೆಲಸ ಜಾಸ್ತಿ ಇರುತ್ತಲ್ಲ. ಆದ್ರೆ ಬ್ಯಾಲೆನ್ಸ್ ಶೀಟ್ ಕಣ್ಣಿಂದ ನೋಡಿ. ಅಜ್ಜಿ ಹಾಸಿಗೆ ಹಿಡಿದ್ರೆ ಬಿಲ್ ಏರುತ್ತೆ. ಅಜ್ಜಿ ಎದ್ದು ನಡೆದ್ರೆ, ಅದಕ್ಕೆ ಕೇರ್‌ಟೇಕರ್ ಸಮಯ ಹೋಗುತ್ತೆ, ಆದಾಯ ಏನೂ ಬರಲ್ಲ. ಅಂದ್ರೆ ಅಜ್ಜಿ ನಡೆಯೋದ್ರಿಂದ ಲಾಭ ಆಗೋದು ಅಜ್ಜಿಗೆ ಮಾತ್ರ. ಹಾಗಾಗಿ ಕೇಳೋರು ನಾವೇ ಆಗಬೇಕು.

ಜಾಗ ನೋಡೋಕೆ ಹೋದಾಗ ಎಲ್ರೂ ಊಟದ ಮೆನು, ಟಿವಿ, ವೈಫೈ ಕೇಳ್ತೀವಿ. ಈ ಐದು ಪ್ರಶ್ನೆನೂ ಕೇಳಿ. ಫಿಸಿಯೋ ವಾರಕ್ಕೆ ಎಷ್ಟು ದಿನ ಬರ್ತಾರೆ, ಶುಲ್ಕದಲ್ಲಿ ಸೇರಿದೆಯಾ? ಊಟದ ಹಾಲ್‌ಗೆ ನಡೆದು ಬರೋಕೆ ಆಗೋರನ್ನೂ ವೀಲ್‌ಚೇರ್‌ನಲ್ಲಿ ತರ್ತೀರಾ? ಕಾರಿಡಾರ್ ಉದ್ದಕ್ಕೂ ಹಿಡಿಯೋಕೆ ಕಂಬಿ ಇದೆಯಾ, ಬಾತ್‌ರೂಮ್ ನೆಲ ಜಾರುತ್ತಾ? ಬಂದ ದಿನ ಮತ್ತು ಮೂರು ತಿಂಗಳಿಗೊಮ್ಮೆ ನಡಿಗೆ, ಬಲ ಅಳೆದು ಬರೆದಿಡ್ತೀರಾ? ಒಬ್ಬರು ಬಿದ್ದರೆ ಮಾರನೇ ದಿನ ನೀವು ಏನು ಬದಲಾಯಿಸ್ತೀರ? ಈ ಕೊನೇ ಪ್ರಶ್ನೆಗೆ 'ಅವರನ್ನ ಓಡಾಡೋಕೆ ಬಿಡಲ್ಲ' ಅನ್ನೋ ಉತ್ತರ ಬಂದ್ರೆ, ಅಲ್ಲಿ ಇನ್ನೊಂದೆರಡು ಪ್ರಶ್ನೆ ಕೇಳಿ ಆಮೇಲೆ ಅಡ್ವಾನ್ಸ್ ಕೊಡಿ. ಈಗಾಗಲೇ ಇರೋ ಜಾಗದಲ್ಲಿ ಹಿರಿಯರನ್ನ ಸರಿಯಾಗಿ ನೋಡಿಕೊಳ್ತಿಲ್ಲ ಅನ್ನಿಸಿದ್ರೆ, ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್ ಇದೆ, 14567, ಅದಕ್ಕೆ ಕಾಲ್ ಮಾಡಬಹುದು.

ಕೊನೆಯದಾಗಿ ನಿಮಗೊಂದು ಕೆಲಸ. ಈ ಭಾನುವಾರ ಹೋದಾಗ, ರೂಮಿನಲ್ಲಿ ಎದುರುಬದುರು ಕೂತು ಫೋನ್ ನೋಡೋ ಬದಲು, ಅವರ ಕೈ ಹಿಡಿದು ಕಾರಿಡಾರ್‌ನಲ್ಲಿ ಮಾತಾಡ್ತಾ ಒಂದು ಸುತ್ತು ಬನ್ನಿ. ಆಮೇಲೆ ಫೋನ್‌ನಲ್ಲಿ 30 ಸೆಕೆಂಡ್ ಟೈಮರ್ ಇಡಿ. ಎರಡೂ ಕೈ ಎದೆ ಮೇಲೆ ಅಡ್ಡ ಇಟ್ಟುಕೊಂಡು ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. ಅಮೆರಿಕದ ಸಿಡಿಸಿ ಬಳಸೋ ಅಳತೆ ಪ್ರಕಾರ, 75ರಿಂದ 79 ವಯಸ್ಸಿನಲ್ಲಿ ಗಂಡಸರು 11ಕ್ಕಿಂತ ಕಡಿಮೆ, ಹೆಂಗಸರು 10ಕ್ಕಿಂತ ಕಡಿಮೆ ಎದ್ದರೆ ಬೀಳೋ ಅಪಾಯ ಇದೆ ಅಂತ. 80ರಿಂದ 84 ಆದ್ರೆ 10 ಮತ್ತು 9. ಕೈ ಊರದೆ ಏಳೋಕೇ ಆಗದಿದ್ರೆ ಲೆಕ್ಕ ಸೊನ್ನೆ. ಸೊನ್ನೆ ಬಂದ್ರೆ ಹೆದರಬೇಡಿ, ಶುರು ಮಾಡೋಕೆ ಒಂದು ಅಂಕಿ ಸಿಕ್ಕಿತು ಅಂದುಕೊಳ್ಳಿ. ದಿನಾಂಕದ ಜೊತೆ ಫೋನ್‌ನಲ್ಲೇ ಬರೆದಿಡಿ, ಫಿಸಿಯೋಗೆ ತೋರಿಸಿ. ಎರಡು ತಿಂಗಳು ಬಿಟ್ಟು ಮತ್ತೆ ಎಣಿಸಿ.

ಮತ್ತೆ ಅವರು ಏಳೋವಾಗ ತಟ್ಟಂತ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಹತ್ರ ನಿಲ್ಲಿ, ಕೈ ಸಿದ್ಧವಾಗಿರಲಿ, ಐದು ಸೆಕೆಂಡ್ ಕಾಯಿರಿ. ಬೇಕಾದಷ್ಟು ಸಹಾಯ ಅಂದ್ರೆ ಅದೇ.

ಈ ಸಂಚಿಕೆ ಇಷ್ಟ ಆದ್ರೆ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸಿ, ವಿದೇಶದಲ್ಲಿರೋ ಮಾವ ಚಿಕ್ಕಪ್ಪಂದಿರಿಗೆ ಮೊದಲು ಕಳಿಸಿ. ಮುಂದಿನ ವಾರ ಸಿಗೋಣ.